ನಾಣ್ಯಗಳು ನುಡಿಯುವ ಇತಿಹಾಸ

ನಮ್ಮ ನಾಡಿನ ಗತವೈಭವವನ್ನು ಶಿಲಾಶಾಸನಗಳಂತೆಯೇ ನಾಣ್ಯಗಳೂ ಸಾರುತ್ತವೆ. ಭೀಮಾತೀರದ ಸನ್ನತಿಯಲ್ಲಿ ಶಾತವಾಹನರ ಸೀಸದ ನಾಣ್ಯಗಳು ದೊರೆತಿವೆ. 1347ರಲ್ಲಿ ಬಹಮನಿ ರಾಜ್ಯವು ಸ್ಥಾಪನೆಗೊಂಡು ಕಲಬುರಗಿಯು ರಾಜಧಾನಿಯಾದ ತರುವಾಯ, ಇಲ್ಲಿಯ ಟಂಕಸಾಲೆಯ ಬೆಳ್ಳಿಯ ಟಂಕಗಳ ಮೇಲೆ 'ಅಹಸನಾಬಾದ್' ಎಂಬ ಹೆಸರು ಅಚ್ಚಾಯಿತು.

ಐವಾನ್-ಎ-ಶಾಹಿ ಎಂಬ ಹೆಸರು ಇಂದಿಗೂ ನೆನಪಿಸುವ ನಿಜಾಮರ ಆಳ್ವಿಕೆಯಲ್ಲಿ ನಮ್ಮ ಹಿರಿಯ ವರ್ತಕರು ಎರಡು ಬಗೆಯ ರೂಪಾಯಿಗಳಲ್ಲಿ ಲೆಕ್ಕವಿಡುತ್ತಿದ್ದರು: ಚಾರ್ಮಿನಾರ್ ಮುದ್ರೆಯ 'ಹಾಲಿ ಸಿಕ್ಕಾ' ಮತ್ತು ಆಂಗ್ಲರ 'ಕಲ್ದಾರ್'. ಕಲ್ದಾರ್ ಒಂದು ತೊಲ, ಅಂದರೆ 11.66 ಗ್ರಾಂ ತೂಗುವುದು. ಹಾಲಿಯ ತೂಕವೂ ಬೆಳ್ಳಿಯ ಅಂಶವೂ ಅದಕ್ಕಿಂತ ಕಡಿಮೆ.

ಆಂಗ್ಲ ನಾಣ್ಯಗಳನ್ನು ಗುರುತಿಸುವುದು ಕಷ್ಟವಲ್ಲ. ವಿಕ್ಟೋರಿಯಾ ರೂಪಾಯಿಯಲ್ಲಿ 'ಕ್ವೀನ್' ಎಂದಿದ್ದರೆ ಅದು 1876ರವರೆಗಿನ ಇಸವಿಯದು. 'ಎಂಪ್ರೆಸ್' ಎಂದಿದ್ದರೆ 1877ರಿಂದ ಈಚಿನದು. 1911ರ ಐದನೆಯ ಜಾರ್ಜ್ ದೊರೆಯ ನಿಲುವಂಗಿಯಲ್ಲಿನ ಆನೆಯು ಹಂದಿಯಂತೆ ಕಂಡು ಜನರು ಆಕ್ಷೇಪಿಸಲು, ಮರುವರ್ಷವೇ ಚಿತ್ರವನ್ನು ತಿದ್ದಲಾಯಿತು. 1940ರಲ್ಲಿ ಬೆಳ್ಳಿಯು ಅರ್ಧಕ್ಕಿಳಿದು, 1947ರಲ್ಲಿ ನಿಕಲ್ ರೂಪಾಯಿ ಬಂದಿತು.

ಯೌವನದಲ್ಲಿ ನಾನು ನಮ್ಮ ಅಜ್ಜನವರ ಗಲ್ಲಾಪೆಟ್ಟಿಗೆಯ ನಾಣ್ಯಗಳನ್ನು ಇಸವಿಯನ್ನೂ ನೋಡದೆ ತೂಕಕ್ಕೆ ಮಾರಿದೆನು. ಅವು ಮೂಸೆಯಲ್ಲಿ ಕರಗಿದವು. ಬಂದ ಹಣವೂ ಕರಗಿತು. ಪಶ್ಚಾತ್ತಾಪವೊಂದೇ ಉಳಿಯಿತು.

ಆದಕಾರಣ ಸಮಾಜಬಾಂಧವರಲ್ಲಿ ನನ್ನ ವಿನಂತಿ ಇಷ್ಟೇ: ಹಳೆಯ ನಾಣ್ಯಗಳನ್ನು ಹುಣಸೆಹಣ್ಣಿನಿಂದ ಉಜ್ಜದಿರಿ, ಅಕ್ಷರಗಳು ಸವೆಯುತ್ತವೆ. ಇಸವಿ, ತೂಕಗಳನ್ನು ಒಂದು ವಹಿಯಲ್ಲಿ ಬರೆದಿಡಿ. ನೆಲದಲ್ಲಿ ನಿಧಿ ದೊರೆತರೆ ಕಾಯ್ದೆಯಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸಿರಿ. ಬೆಳ್ಳಿಯನ್ನು ಮತ್ತೆ ಗಳಿಸಬಹುದು. ಅಳಿದ ಇತಿಹಾಸವನ್ನು ಗಳಿಸಲಾಗದು.