ಹಳೆಯ ಕೈಗರಗಸದ ತಯಾರಕರನ್ನು ಗುರುತಿಸುವ ಕ್ರಮ: ಅರ್ಜಿದಾರರಿಗೆ ಮಾಹಿತಿ

1. ಉದ್ದೇಶ

ಮನೆತನದಲ್ಲಿ ಉಳಿದುಬಂದ ಅಥವಾ ಖರೀದಿಸಿದ ಹಳೆಯ ಕೈಗರಗಸವನ್ನು ವಿದೇಶಕ್ಕೆ ಕೊಂಡೊಯ್ಯಲು ಬಯಸುವವರು ಅದರ ತಯಾರಕರನ್ನೂ ತಯಾರಿಕೆಯ ಕಾಲವನ್ನೂ ಮೊದಲು ತಿಳಿದುಕೊಳ್ಳುವುದು ಅಗತ್ಯ. ಪ್ರಾಚೀನ ವಸ್ತುಗಳು ಮತ್ತು ಕಲಾ ಸಂಪತ್ತು ಅಧಿನಿಯಮ, 1972ರ ಪ್ರಕಾರ, ಕನಿಷ್ಠ 100 ವರ್ಷಗಳಿಂದ ಅಸ್ತಿತ್ವದಲ್ಲಿರುವ, ಐತಿಹಾಸಿಕ ಮಹತ್ವವುಳ್ಳ ಅಥವಾ ಗತಕಾಲದ ಕಸುಬುಗಳನ್ನು ನಿದರ್ಶಿಸುವ ವಸ್ತುವು ಪ್ರಾಚೀನ ವಸ್ತುವಿನ ವ್ಯಾಖ್ಯೆಗೆ ಒಳಪಡಬಹುದು. ಅಂತಹ ವಸ್ತುವನ್ನು ಖಾಸಗಿ ವ್ಯಕ್ತಿಗಳು ರಫ್ತು ಮಾಡುವಂತಿಲ್ಲ. ಉಲ್ಲಂಘನೆಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗಿನ ಕಾರಾವಾಸ ಹಾಗೂ ಜುಲ್ಮಾನೆಯನ್ನು ವಿಧಿಸಲು ಅವಕಾಶವಿದೆ. ಗರಗಸಗಳ ಮೇಲೆ ತಯಾರಿಕೆಯ ವರ್ಷವನ್ನು ಸಾಮಾನ್ಯವಾಗಿ ನಮೂದಿಸುತ್ತಿರಲಿಲ್ಲವಾದುದರಿಂದ, ಅದರ ವಯಸ್ಸನ್ನು ಬಹುಮಟ್ಟಿಗೆ ತಯಾರಕರ ಗುರುತಿನಿಂದಲೇ ನಿರ್ಧರಿಸಬೇಕಾಗುತ್ತದೆ.

2. ಶುಚಿಗೊಳಿಸುವ ಮುನ್ನ

ತುಕ್ಕು ತೆಗೆಯುವ ಆತುರದಲ್ಲಿ ಗುರುತು ಅಳಿಸಿಹೋಗುವುದೇ ಅತಿ ಸಾಮಾನ್ಯವಾದ ನಷ್ಟ. ಆಮ್ಲದಿಂದ ಕೊರೆದ ಅಕ್ಷರಗಳು ಅಲಗಿನ ಮೇಲ್ಮೈಯಲ್ಲಿ ಬಹಳ ತೆಳುವಾಗಿರುತ್ತವೆ. ಒಮ್ಮೆ ಅಳಿದಲ್ಲಿ ಅವುಗಳನ್ನು ಮರಳಿ ಪಡೆಯಲಾಗದು. ಆದುದರಿಂದ:

• ವಿದ್ಯುತ್ ಯಂತ್ರದ ತಂತಿ ಬ್ರಷ್, ದಪ್ಪ ಮರಳು ಕಾಗದ ಹಾಗೂ ತೀಕ್ಷ್ಣ ಆಮ್ಲಗಳನ್ನು ಬಳಸಬಾರದು.
• ಅಲಗನ್ನು ಓರೆ ಬೆಳಕಿನಲ್ಲಿ ಹಿಡಿದು, ಎರಡೂ ಬದಿಗಳನ್ನು ಮೊದಲು ಪರಿಶೀಲಿಸಿ ಛಾಯಾಚಿತ್ರ ತೆಗೆಯತಕ್ಕದ್ದು.
• ಶುಚಿಗೊಳಿಸುವುದು ಅನಿವಾರ್ಯವಾದಲ್ಲಿ, ಅತಿ ನಯವಾದ ಕಾಗದವನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ, ಎಣ್ಣೆ ಹಚ್ಚಿ ಹಗುರವಾಗಿ ಉಜ್ಜಬಹುದು. ಕೊರೆದ ಅಕ್ಷರಗಳು ಕಪ್ಪಾಗಿ ಕಾಣತೊಡಗಿದೊಡನೆ ನಿಲ್ಲಿಸತಕ್ಕದ್ದು.

3. ಗುರುತು ಇರುವ ಸ್ಥಳಗಳು

ಅ) ಅಲಗು: ಹಳೆಯ ಗರಗಸಗಳಲ್ಲಿ ಹೆಸರನ್ನು ಅಚ್ಚಿನಿಂದ ಒತ್ತಲಾಗುತ್ತಿತ್ತು, ತರುವಾಯ ಆಮ್ಲದಿಂದ ಕೊರೆಯುವ ಪದ್ಧತಿ ಬಳಕೆಗೆ ಬಂದಿತು.
ಆ) ಬೆನ್ನುಪಟ್ಟಿ: ಮೇಲಂಚಿಗೆ ಹಿತ್ತಾಳೆ ಅಥವಾ ಕಬ್ಬಿಣದ ಪಟ್ಟಿಯುಳ್ಳ ಗರಗಸಗಳಲ್ಲಿ ಹೆಸರು ಆ ಪಟ್ಟಿಯ ಮೇಲಿರುತ್ತದೆ.
ಇ) ಹಿಡಿಯ ಬಿಲ್ಲೆ: ಹಿಡಿಯನ್ನು ಅಲಗಿಗೆ ಬಿಗಿಯುವ ತಿರುಪುಗಳಲ್ಲಿ ಒಂದರ ತಲೆ ಇತರ ತಿರುಪುಗಳಿಗಿಂತ ದೊಡ್ಡದಾಗಿದ್ದು, ಅದರ ಮೇಲೆ ಲಾಂಛನವಿರುತ್ತದೆ.

ಹಿಡಿ ಮುರಿದಾಗ ಬೇರೆ ಗರಗಸದ ಹಿಡಿಯನ್ನು ಜೋಡಿಸುವುದು ಬಡಗಿಗಳಲ್ಲಿ ರೂಢಿಯಾಗಿತ್ತು. ಬಿಲ್ಲೆಯು ಹಿಡಿಯೊಂದಿಗೆ ಬರುವುದರಿಂದ, ಅದೊಂದನ್ನೇ ನೆಚ್ಚಬಾರದು. ಬಿಲ್ಲೆಯ ಹೆಸರು ಅಲಗಿನ ಹೆಸರಿಗೆ ಹೊಂದುವುದೇ ಎಂದು ನೋಡತಕ್ಕದ್ದು.

4. ತಯಾರಕರ ಹೆಸರಲ್ಲದ ಬರಹಗಳು

• ‘ವಾರಂಟೆಡ್ ಸುಪೀರಿಯರ್’: ಇದು ಗುಣಮಟ್ಟದ ಭರವಸೆ ಮಾತ್ರ. ಈ ಬರಹದ ಬಿಲ್ಲೆಗಳನ್ನು ಅನೇಕ ತಯಾರಕರು ಬಳಸಿದ್ದಾರೆ.
• ‘ಕಾಸ್ಟ್ ಸ್ಟೀಲ್’: ಇದು ಉಕ್ಕಿನ ಬಗೆ. ಇಂಗ್ಲೆಂಡಿನ ಶೆಫೀಲ್ಡ್ ಪ್ರದೇಶದಲ್ಲಿ ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ರೂಪಿಸಿದ ಮೂಸೆ ಉಕ್ಕಿನ ವಿಧಾನದಿಂದ ಈ ಮಾತು ಪ್ರಚಾರಕ್ಕೆ ಬಂದಿತು.
• ವ್ಯಾಪಾರಿಗಳ ಹೆಸರು: ತಯಾರಕರು ಕಬ್ಬಿಣದ ಸಾಮಾನು ವ್ಯಾಪಾರಿಗಳ ಹೆಸರನ್ನು ಒತ್ತಿ ಸರಬರಾಜು ಮಾಡುತ್ತಿದ್ದುದೂ ಉಂಟು.
• ಹಿಡಿಯ ಮರದ ಮೇಲೆ ಒತ್ತಿದ ಹೆಸರು: ಇದು ಬಹುಮಟ್ಟಿಗೆ ಗರಗಸದ ಒಡೆಯನಾದ ಬಡಗಿಯದು.

5. ಹೆಸರಿನಿಂದ ಕಾಲನಿರ್ಣಯ

ಸಂಸ್ಥೆಯ ಹೆಸರಿನಲ್ಲಾದ ಬದಲಾವಣೆಯೇ ವಿಶ್ವಾಸಾರ್ಹ ಆಧಾರ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹೆನ್ರಿ ಡಿಸ್ಟನ್ 1840ರಲ್ಲಿ ಗರಗಸ ತಯಾರಿಕೆ ಆರಂಭಿಸಿದನು. 1865ರಲ್ಲಿ ಸಂಸ್ಥೆಯ ಹೆಸರಿಗೆ ‘ಅಂಡ್ ಸನ್’ ಎಂಬುದು ಸೇರಿತು. 1871ರಲ್ಲಿ ಅದು ‘ಅಂಡ್ ಸನ್ಸ್’ ಆಯಿತು. ಆದಕಾರಣ ಏಕವಚನದ ‘ಸನ್’ ಇರುವ ಅಸಲಿ ಗುರುತು 100 ವರ್ಷಗಳಿಗೂ ಹಳೆಯದು. ಬಹುವಚನದ ‘ಸನ್ಸ್’ ಎಂಬುದರಿಂದ ಈ ನಿರ್ಣಯ ಸಾಧ್ಯವಿಲ್ಲ. ಸಂಸ್ಥೆಯು 1955ರಲ್ಲಿ ಮಾರಾಟವಾಗುವವರೆಗೂ ಆ ಹೆಸರು ಬಳಕೆಯಲ್ಲಿತ್ತು. ಒಂದಕ್ಷರದ ವ್ಯತ್ಯಾಸವನ್ನೂ ಗಮನವಿಟ್ಟು ಓದಬೇಕಾದುದು ಈ ಕಾರಣಕ್ಕೆ.

ಶೆಫೀಲ್ಡಿನ ‘ಸ್ಪಿಯರ್ ಅಂಡ್ ಜಾಕ್ಸನ್’ ಹೆಸರು 19ನೇ ಶತಮಾನದಿಂದ ಮುಂದುವರಿದುಕೊಂಡು ಬಂದಿರುವುದರಿಂದ, ಆ ಹೆಸರು ತಯಾರಕರನ್ನು ತಿಳಿಸುತ್ತದೆಯೇ ಹೊರತು ಕಾಲವನ್ನಲ್ಲ.

6. ಪೂರಕ ಲಕ್ಷಣಗಳು

ಮರದ ಮಟ್ಟಕ್ಕೆ ಸಮನಾಗಿ ಕೂತಿರುವ, ತಲೆಯಲ್ಲಿ ಸೀಳುಳ್ಳ ಹಿತ್ತಾಳೆ ನಟ್ಟುಗಳು ಹಳೆಯ ಪದ್ಧತಿಯವು. ಇವನ್ನು ಸಾಮಾನ್ಯ ತಿರುಪುಳಿಯಿಂದ ತಿರುಗಿಸಿದಲ್ಲಿ ಹಾಳಾಗುವ ಸಂಭವವಿದೆ. ಉಬ್ಬು ತಲೆಯ ನಟ್ಟುಗಳು 19ನೇ ಶತಮಾನದ ಕೊನೆಯ ದಶಕಗಳಿಂದ ವ್ಯಾಪಕವಾದವು. ಇಂಗ್ಲೆಂಡಿನ ಹಿಡಿಗಳಿಗೆ ಬೀಚ್ ಮರವನ್ನೂ, ಅಮೆರಿಕದ ಉತ್ತಮ ದರ್ಜೆಯವಕ್ಕೆ ಸೇಬಿನ ಮರವನ್ನೂ ಹೆಚ್ಚಾಗಿ ಬಳಸಲಾಗುತ್ತಿತ್ತು. ಇವು ಪೋಷಕ ಸಾಕ್ಷ್ಯಗಳು ಮಾತ್ರ.

7. ಅರ್ಜಿಯೊಂದಿಗೆ ಒದಗಿಸಿದಲ್ಲಿ ಅನುಕೂಲವಾಗುವ ವಿವರಗಳು

• ಎರಡೂ ಬದಿಗಳ, ಬಿಲ್ಲೆಯ ಹಾಗೂ ಗುರುತಿನ ಸ್ಪಷ್ಟ ಛಾಯಾಚಿತ್ರಗಳು
• ಅಲಗಿನ ಉದ್ದ, ಅಗಲ
• ಓದಲು ಸಾಧ್ಯವಾದ ಅಕ್ಷರಗಳು ಇದ್ದಂತೆಯೇ. ಊಹಿಸಿದ ಅಕ್ಷರಗಳನ್ನು ಸೇರಿಸಬಾರದು
• ಗರಗಸವು ದೊರೆತ ಬಗೆ, ರಸೀದಿ ಇದ್ದಲ್ಲಿ ಅದರ ಪ್ರತಿ

8. ಸೂಚನೆ

ತಯಾರಕರ ಹೆಸರು ದೊರೆತ ಮಾತ್ರಕ್ಕೆ ವಸ್ತುವಿನ ಕಾನೂನು ಸ್ಥಾನಮಾನ ತೀರ್ಮಾನವಾಗುವುದಿಲ್ಲ. ವಸ್ತುವೊಂದು ಪ್ರಾಚೀನ ವಸ್ತುವೇ ಅಲ್ಲವೇ ಎಂಬ ಪ್ರಶ್ನೆ ಉದ್ಭವಿಸಿದಲ್ಲಿ, ಅಧಿನಿಯಮದ 24ನೇ ಪ್ರಕರಣದನ್ವಯ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರ ಅಥವಾ ಅವರಿಂದ ಅಧಿಕೃತಗೊಂಡ ಅಧಿಕಾರಿಯ ತೀರ್ಮಾನವೇ ಅಂತಿಮ. ಪ್ರಾಚೀನ ವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಸದರಿ ಇಲಾಖೆಯಿಂದ ಪಡೆದ ನಂತರವೇ ಪ್ರಯಾಣ ಅಥವಾ ರವಾನೆಯ ವ್ಯವಸ್ಥೆ ಮಾಡಿಕೊಳ್ಳುವುದು ಸೂಕ್ತ.