ಬೆಳ್ಳಿಯ ಲವಣ ಮತ್ತು ಮರೆವಿನ ಕಡತ

ಮನೋರೋಗಿಗಳ ಛಾಯಾಚಿತ್ರ ತೆಗೆದಿಡುವ ಪರಿಪಾಠವು ಯುರೋಪಿನಲ್ಲಿ ಛಾಯಾಗ್ರಹಣವು ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ಆರಂಭವಾಯಿತು. ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಮಾನಸಿಕ ಆಸ್ಪತ್ರೆಯಲ್ಲಿ ಮಹಿಳಾ ವಿಭಾಗದ ಮೇಲ್ವಿಚಾರಕನಾಗಿದ್ದ ವೈದ್ಯ ಹ್ಯೂ ವೆಲ್ಚ್ ಡೈಮಂಡ್, 1856ರಲ್ಲಿ ರಾಯಲ್ ಸೊಸೈಟಿಯ ಮುಂದೆ ಮಂಡಿಸಿದ ಪ್ರಬಂಧದಲ್ಲಿ, ಇಂಥ ಚಿತ್ರಗಳು ಕಾಯಿಲೆಯ ದಾಖಲೆಯಾಗುವುದಲ್ಲದೆ, ಮತ್ತೆ ದಾಖಲಾದವರನ್ನು ಗುರುತಿಸಲೂ, ರೋಗಿಗೆ ಆಕೆಯದೇ ಚಿತ್ರವನ್ನು ತೋರಿಸಿ ಚಿಕಿತ್ಸೆ ನೀಡಲೂ ಒದಗುತ್ತವೆಂದು ವಾದಿಸಿದ್ದನು. ಮುಂದಿನ ಆಸ್ಪತ್ರೆಗಳು ಬಹುಮಟ್ಟಿಗೆ ಈ ಕೊನೆಯ ಉಪಯೋಗವನ್ನು ಬದಿಗಿಟ್ಟು ದಾಖಲೆಯನ್ನಷ್ಟೇ ಉಳಿಸಿಕೊಂಡವು.

ಅಂಥ ದಾಖಲೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ್ದು. 1901ರ ನವೆಂಬರ್ 25ರಂದು ಅಲ್ಲಿನ ಮಾನಸಿಕ ಆಸ್ಪತ್ರೆಗೆ ಸೇರಿದ ಆಗುಸ್ಟೆ ಡೆಟೆರ್‌ಳಿಗೆ ಆಗ 51 ವರ್ಷ. ಅರಳುಮರಳಿನ ವಯಸ್ಸು ಬಹು ದೂರವಿದ್ದರೂ ಆಕೆಯ ನೆನಪು ಕುಸಿದಿದ್ದುದೇ ವೈದ್ಯ ಅಲೋಯಿಸ್ ಆಲ್ಝೈಮರ್‌ನ ಕುತೂಹಲಕ್ಕೆ ಕಾರಣವಾಯಿತು. ಆತ ಆಕೆಯ ಉತ್ತರಗಳನ್ನು ಬರೆದಿಟ್ಟನು. ತನ್ನ ಹೆಸರನ್ನು ಬರೆಯಲು ಹೊರಟು ನಡುವೆಯೇ ಮರೆತು ನಿಂತ ಆಕೆಯ ಕೈಬರಹವೂ, 1902ರಲ್ಲಿ ತೆಗೆದ ಛಾಯಾಚಿತ್ರಗಳೂ ಕಡತ ಸೇರಿದವು. ಬಿಚ್ಚಿದ ಕೂದಲು, ಆಳವಾದ ಸುಕ್ಕುಗಳು, ಹೆಣೆದುಕೊಂಡ ಕೈಗಳು, ತಗ್ಗಿದ ನೋಟ: ಕಾಯಿಲೆಯ ಸಾಕ್ಷಿಗೆಂದು ತೆಗೆದ ಆ ಚಿತ್ರದಲ್ಲಿ ಕಾಯಿಲೆಗಿಂತ ಮೊದಲು ಕಾಣುವುದು ದಣಿದ ಒಬ್ಬ ಹೆಣ್ಣುಮಗಳು.

1906ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳನ್ನು ಮ್ಯೂನಿಕ್‌ಗೆ ತರಿಸಿಕೊಂಡ ಆಲ್ಝೈಮರ್, ಅದರ ತೆಳುಪದರಗಳಿಗೆ ಬೀಲ್‌ಷೋವ್‌ಸ್ಕಿ ಎಂಬ ವಿಜ್ಞಾನಿ ಕೆಲವೇ ವರ್ಷಗಳ ಹಿಂದೆ ರೂಪಿಸಿದ್ದ ಬೆಳ್ಳಿಯ ವರ್ಣಲೇಪನವನ್ನು ಬಳಸಿದನು. ಛಾಯಾಚಿತ್ರದ ಫಲಕದ ಮೇಲೆ ಬೆಳಕು ತಾಗಿದ ಬೆಳ್ಳಿಯ ಲವಣವು ಡೆವಲಪರ್ ದ್ರಾವಣದಲ್ಲಿ ಅಪಕರ್ಷಣಗೊಂಡು, ಅಂದರೆ ಲೋಹದ ಬೆಳ್ಳಿಯಾಗಿ ಮಾರ್ಪಟ್ಟು, ಹೇಗೆ ಕಪ್ಪಾಗುತ್ತದೆಯೋ ಹಾಗೆಯೇ ಇಲ್ಲಿಯೂ ಬೆಳ್ಳಿಯು ನರಕೋಶದೊಳಗಿನ ಎಳೆಗಳ ಮೇಲೆ ಕೂತು ಕಪ್ಪಾಗುತ್ತದೆ. ಈ ಕಾಯಿಲೆಯ ಗುರುತಾದ ಸಿಕ್ಕುಗಟ್ಟಿದ ಎಳೆಗಳು ಗೋಚರಿಸಿದ್ದು ಹೀಗೆ. ಛಾಯಾಗ್ರಹಣದೊಂದಿಗಿನ ಈ ನಂಟು ಆಕಸ್ಮಿಕವಲ್ಲ. ನರಕೋಶಗಳಿಗೆ ಬೆಳ್ಳಿಯ ಲೇಪನವನ್ನು ಪಳಗಿಸಿದ ಸ್ಪೇನಿನ ರಾಮೋನ್ ಇ ಕಹಾಲ್ ಸ್ವತಃ ನುರಿತ ಛಾಯಾಗ್ರಾಹಕನಾಗಿದ್ದು, ಛಾಯಾಗ್ರಹಣದ ಡೆವಲಪರ್‌ಗಳನ್ನೇ ಪ್ರಯೋಗಶಾಲೆಗೆ ತಂದಿದ್ದನು. ಆಗುಸ್ಟೆಯ ಮುಖವನ್ನೂ ಆಕೆಯ ಮರೆವಿನ ಗುರುತನ್ನೂ ಉಳಿಸಿಕೊಟ್ಟದ್ದು ಒಂದೇ ಲೋಹ.

ಆದರೆ ಆ ಎರಡರ ಗತಿ ಬೇರೆಬೇರೆಯಾಯಿತು. ಆಲ್ಝೈಮರ್‌ನ 1907ರ ಲೇಖನದಲ್ಲಿ ಆಕೆ 51 ವರ್ಷದ ಹೆಂಗಸು ಮಾತ್ರ. 1910ರಲ್ಲಿ ಮನೋವೈದ್ಯ ಕ್ರೇಪೆಲಿನ್ ತನ್ನ ಪಠ್ಯಪುಸ್ತಕದಲ್ಲಿ ಕಾಯಿಲೆಗೆ ವೈದ್ಯನ ಹೆಸರಿಟ್ಟನು. ರೋಗಿಯ ಕಡತವು 1995ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಕೋನ್ರಾಡ್ ಮೌರರ್ ಮತ್ತು ಸಂಗಡಿಗರಿಗೆ ದೊರೆತ ಬಳಿಕವೇ ಆಕೆಯ ಮುಖ ಲೋಕಕ್ಕೆ ಪರಿಚಯವಾಯಿತು.

ಚಿತ್ರ ತೋರಿಸಿ ಚಿಕಿತ್ಸೆ ನೀಡುವ, ಡೈಮಂಡ್ ಸೂಚಿಸಿದ್ದ ಬಳಕೆಯೂ ಇನ್ನೊಂದು ರೂಪದಲ್ಲಿ ಮರಳಿದೆ. ಹೊಸ ನೆನಪು ಮೊದಲು ಅಳಿದು ಹಳೆಯದು ಹೆಚ್ಚು ಕಾಲ ನಿಲ್ಲುತ್ತದೆಂದು ಫ್ರಾನ್ಸಿನ ಮನಶ್ಶಾಸ್ತ್ರಜ್ಞ ರಿಬೋ 1881ರಲ್ಲೇ ನಿರೂಪಿಸಿದ್ದನು. ಹಿರಿಯರು ಗತವನ್ನು ಮೆಲುಕು ಹಾಕುವುದು ಬದುಕಿನ ಸಹಜ ಅವಲೋಕನವೆಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ವಾದಿಸಿದನು. ಇವುಗಳ ಬಲದಿಂದ ಬೆಳೆದ ಸ್ಮರಣ ಚಿಕಿತ್ಸೆಯಲ್ಲಿ, ಅಂದರೆ ಹಳೆಯ ವಸ್ತುಗಳನ್ನು ಮುಂದಿಟ್ಟು ಮಾತು ಹೊರಡಿಸುವ ಕ್ರಮದಲ್ಲಿ, ಮನೆಯ ಆಲ್ಬಮ್ ಮುಖ್ಯ ಸಾಧನ. ಅದು ಕಳೆದುದನ್ನು ಮರಳಿಸುವುದಿಲ್ಲ, ಮಾತಿಗೆ ದಾರಿ ಮಾಡಿಕೊಡುತ್ತದೆ. ಆಗುಸ್ಟೆಯ ಚಿತ್ರ ಇಂದು ಅರ್ಥಪೂರ್ಣವಾಗಿರುವುದು ಕಡತದಲ್ಲಿ ಹೆಸರೂ ತಾರೀಖೂ ಇದ್ದುದರಿಂದ. ಆದ್ದರಿಂದ ಹಿರಿಯರಿರುವ ಪ್ರತಿಯೊಂದು ಮನೆಯಲ್ಲಿಯೂ, ಅವರು ಹೇಳಬಲ್ಲವರಾಗಿರುವಾಗಲೇ, ಹಳೆಯ ಚಿತ್ರಗಳ ಬೆನ್ನಿಗೆ ಹೆಸರು, ಊರು, ಇಸವಿಗಳನ್ನು ಬರೆದಿಡಬೇಕು.