ಊರನ್ನೇ ಮೇಲೆತ್ತಿದವರು

ಅಮೆರಿಕ ಸಂಯುಕ್ತ ಸಂಸ್ಥಾನಗಳ ಚರಿತ್ರೆಯಲ್ಲಿ ಅತಿ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಪ್ರಕೃತಿವಿಕೋಪ ಯಾವುದೆಂದು ಕೇಳಿದರೆ ನಮ್ಮಲ್ಲಿ ಹಲವರು 1906ರ ಸಾನ್ ಫ್ರಾನ್ಸಿಸ್ಕೊ ಭೂಕಂಪವನ್ನು ಹೆಸರಿಸಬಹುದು. ಕಿರಿಯರು 2005ರ ಕತ್ರೀನಾ ಚಂಡಮಾರುತವನ್ನು ನೆನೆಯಬಹುದು. ಎರಡೂ ಅಲ್ಲ. 1900ನೆಯ ಇಸವಿ ಸೆಪ್ಟೆಂಬರ್ 8ರ ಶನಿವಾರ ಟೆಕ್ಸಾಸ್ ಕರಾವಳಿಯ ಗ್ಯಾಲ್ವೆಸ್ಟನ್ ಎಂಬ ದ್ವೀಪನಗರದ ಮೇಲೆ ಎರಗಿದ ಹರಿಕೇನ್ ಒಂದೇ ರಾತ್ರಿಯಲ್ಲಿ ಕನಿಷ್ಠ ಆರು ಸಾವಿರ ಜನರನ್ನು ಕೊಂದಿತು. ಎಂಟು ಸಾವಿರವೆಂದು ಹೇಳುವವರಿದ್ದಾರೆ. ಸುತ್ತಲಿನ ಹಳ್ಳಿಗಳನ್ನೂ ಸೇರಿಸಿ ಹನ್ನೆರಡು ಸಾವಿರದವರೆಗೆ ಹೋಗುವವರೂ ಇದ್ದಾರೆ. ಊರಿನ ಜನಸಂಖ್ಯೆ ಆಗ ಮೂವತ್ತೆಂಟು ಸಾವಿರಕ್ಕಿಂತ ಸ್ವಲ್ಪ ಕಡಿಮೆ. ಅಂದರೆ ಆರು ಜನರಲ್ಲಿ ಒಬ್ಬರು ಬೆಳಗಾಗುವುದರೊಳಗೆ ಇಲ್ಲವಾಗಿದ್ದರು.

ಆ ರಾತ್ರಿಯ ಕಥೆಯನ್ನು ಬಹಳ ಮಂದಿ ಬರೆದಿದ್ದಾರೆ. ನನ್ನ ಕುತೂಹಲವಿರುವುದು ಅದರ ಮರುದಿನದಿಂದಾಚೆಗೆ. ಬದುಕುಳಿದವರು ಹನ್ನೊಂದು ವರ್ಷಗಳ ಕಾಲ ಏನು ಮಾಡಿದರು, ಯಾರ ದುಡ್ಡಿನಲ್ಲಿ ಮಾಡಿದರು, ಮಾಡಿ ಏನು ಪಡೆದರು ಎಂಬುದು ಆ ಒಂದು ರಾತ್ರಿಗಿಂತ ದೊಡ್ಡ ಕಥೆ ಎಂದು ನನಗೆ ತೋರುತ್ತದೆ. ಆದರೂ ಹಿನ್ನೆಲೆಯನ್ನು ಸ್ವಲ್ಪ ಹೇಳಲೇಬೇಕು.

ಗ್ಯಾಲ್ವೆಸ್ಟನ್ ಎಂದರೆ ಮೆಕ್ಸಿಕೊ ಕೊಲ್ಲಿಗೂ ಒಳಗಿನ ಹಿನ್ನೀರಿಗೂ ನಡುವೆ ಚಾಚಿಕೊಂಡಿರುವ ಉದ್ದನೆಯ ಮರಳಿನ ದಿಬ್ಬ. ನಗರದ ಅತಿ ಎತ್ತರದ ಬೀದಿಯೂ ಸಮುದ್ರಮಟ್ಟಕ್ಕಿಂತ ಒಂಬತ್ತು ಅಡಿ ಮೇಲಿರಲಿಲ್ಲ. ಆದರೂ ಅದು ಹತ್ತಿಯ ರಫ್ತಿಗೆ ಹೆಸರಾದ ಬಂದರು. ಶ್ರೀಮಂತ ವರ್ತಕರ ಊರು. ಅದರ ನೈಋತ್ಯಕ್ಕೆ ಅದೇ ಕರಾವಳಿಯಲ್ಲಿ ಇಂಡಿಯಾನೋಲಾ ಎಂಬ ಇನ್ನೊಂದು ಬಂದರು ಇತ್ತು. 1875ರಲ್ಲಿ ಒಂದು ಚಂಡಮಾರುತ ಅದನ್ನು ನೆಲಸಮ ಮಾಡಿತು. ಜನ ಮತ್ತೆ ಕಟ್ಟಿದರು. 1886ರಲ್ಲಿ ಇನ್ನೊಂದು ಬಂತು. ಆಮೇಲೆ ಅಲ್ಲಿ ಯಾರೂ ಮನೆ ಕಟ್ಟಲಿಲ್ಲ. 1964ರ ಡಿಸೆಂಬರ್‌ನ ನಂತರ ನಮ್ಮ ಧನುಷ್ಕೋಟಿಗೆ ಆದ ಗತಿಯೇ ಅದಕ್ಕೂ ಆಯಿತು. ಇಂಡಿಯಾನೋಲಾ ಮುಳುಗಿದಾಗ ಗ್ಯಾಲ್ವೆಸ್ಟನ್ನಿನವರಿಗೂ ಭಯವಾಯಿತು. ಕಡಲಿಗೆ ಅಡ್ಡಲಾಗಿ ಗೋಡೆ ಕಟ್ಟಬೇಕೆಂಬ ಮಾತೆದ್ದಿತು. ಭಯ ಆರಿತು, ಮಾತೂ ಆರಿತು. ಊರಿನ ಹವಾಮಾನ ಕಚೇರಿಯ ಮುಖ್ಯಸ್ಥ ಐಸಾಕ್ ಕ್ಲೈನ್ 1891ರಲ್ಲಿ ಸ್ಥಳೀಯ ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಈ ಊರಿಗೆ ದೊಡ್ಡ ಚಂಡಮಾರುತ ಹಾನಿ ಮಾಡಲಾರದು ಎಂದು ವೈಜ್ಞಾನಿಕ ಕಾರಣಗಳನ್ನು ಕೊಟ್ಟು ಸಮಾಧಾನ ಹೇಳಿದ.

1900ರಲ್ಲಿ ಹವಾನದ ಜೆಸ್ಯುಯಿಟ್ ಪಾದ್ರಿಗಳ ವೀಕ್ಷಣಾಲಯದವರು ಬಿರುಗಾಳಿ ಮೆಕ್ಸಿಕೊ ಕೊಲ್ಲಿಯೊಳಕ್ಕೆ ನುಗ್ಗುತ್ತಿದೆ ಎಂದು ಸರಿಯಾಗಿಯೇ ಗುರುತಿಸಿದ್ದರು. ವಾಷಿಂಗ್ಟನ್ನಿನ ಹವಾಮಾನ ಇಲಾಖೆಗೆ ಕ್ಯೂಬಾದವರ ಮಾತು ಹಿಡಿಸುತ್ತಿರಲಿಲ್ಲ. ಅವರ ಹವಾಮಾನದ ತಂತಿಗಳಿಗೆ ತಡೆ ಹಾಕಿಸಿತ್ತು. ಬಿರುಗಾಳಿ ಉತ್ತರಕ್ಕೆ ತಿರುಗಿ ಅಟ್ಲಾಂಟಿಕ್ ಕರಾವಳಿಗೆ ಹೋಗುತ್ತದೆಂದು ಅದರ ನಂಬಿಕೆ. ಚಂಡಮಾರುತದ ಎಚ್ಚರಿಕೆ ಹೊರಡಿಸುವ ಅಧಿಕಾರವೂ ಕೇಂದ್ರ ಕಚೇರಿಗೆ ಮಾತ್ರ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಇದರಲ್ಲಿ ಬಿಡಿಸಿ ಹೇಳಬೇಕಾದ್ದು ಏನೂ ಇಲ್ಲ. ಶನಿವಾರ ಬೆಳಗ್ಗೆ ತಾನು ಅಪ್ಪಣೆಗೆ ಕಾಯದೆ ಕಡಲಂಚಿನಲ್ಲಿ ಕುದುರೆಗಾಡಿಯಲ್ಲಿ ತಿರುಗಿ ಜನರನ್ನು ಎಚ್ಚರಿಸಿದೆನೆಂದು ಕ್ಲೈನ್ ಆಮೇಲೆ ಬರೆದುಕೊಂಡಿದ್ದಾನೆ. ಅದನ್ನು ಪೂರ್ತಿ ನಂಬದ ಚರಿತ್ರಕಾರರಿದ್ದಾರೆ. ಅವನ ಮನೆ ಗಟ್ಟಿಯಾದದ್ದೆಂದು ಸುಮಾರು ಐವತ್ತು ಮಂದಿ ಬಂದು ಸೇರಿಕೊಂಡಿದ್ದರು. ಕಿತ್ತುಬಂದ ರೈಲುಹಳಿಯ ಕಟ್ಟು ಒಂದು ಅಲೆಗಳೊಡನೆ ಬಂದು ಬಡಿದು ಆ ಮನೆ ಉರುಳಿತು. ಗರ್ಭಿಣಿ ಹೆಂಡತಿ ಸತ್ತಳು. ಅವನೂ ತಮ್ಮನೂ ಮೂವರು ಹೆಣ್ಣುಮಕ್ಕಳನ್ನು ಹಿಡಿದುಕೊಂಡು ತೇಲಿ ಬದುಕಿದರು. ಕ್ಲೈನ್ ಮುಂದಿನ ಕಾಲವನ್ನೆಲ್ಲ ಚಂಡಮಾರುತದಲ್ಲಿ ಜನರನ್ನು ಕೊಲ್ಲುವುದು ಗಾಳಿಗಿಂತ ಹೆಚ್ಚಾಗಿ ಅದು ತಳ್ಳಿಕೊಂಡು ಬರುವ ನೀರು ಎಂದು ತೋರಿಸುವುದರಲ್ಲಿ ಕಳೆದ. 1977ರ ನವೆಂಬರ್‌ನಲ್ಲಿ ಆಂಧ್ರದ ದಿವಿಸೀಮೆ ಮುಳುಗಿದ್ದನ್ನು ಬಲ್ಲವರಿಗೆ ಈ ಮಾತಿನ ಅರ್ಥ ಗೊತ್ತು. ಗ್ಯಾಲ್ವೆಸ್ಟನ್ನಿನಲ್ಲಿ ಆ ಸಂಜೆ ನೀರು ಹದಿನೈದು ಅಡಿಗೂ ಮೇಲೆ ಏರಿತ್ತು.

ಭಾನುವಾರ ಬೆಳಗ್ಗೆ ಆಕಾಶ ತಿಳಿಯಾಗಿತ್ತು. 3,600 ಮನೆಗಳು ಇರಲಿಲ್ಲ. ಅವುಗಳ ತೊಲೆ, ಬಾಗಿಲು, ಪಿಯಾನೊ, ಹೆಣ ಎಲ್ಲವೂ ಕೂಡಿ ಎರಡಂತಸ್ತಿನ ಎತ್ತರಕ್ಕೆ, ಮೈಲಿಗಟ್ಟಲೆ ಉದ್ದದ ಒಂದು ದಿಣ್ಣೆಯಾಗಿ ಊರ ನಡುವೆ ನಿಂತಿತ್ತು. ಅಲೆಗಳು ಮನೆಗಳನ್ನು ಒಡೆದು ತಳ್ಳುತ್ತ ಬಂದು, ಕಡೆಗೆ ಆ ದಿಣ್ಣೆಯನ್ನೇ ದಾಟಲಾರದೆ ನಿಂತುಬಿಟ್ಟಿದ್ದವು. ಅದರ ಹಿಂದಿದ್ದ ಬೀದಿಗಳು ಉಳಿದದ್ದು ಮುಂದಿದ್ದ ಬೀದಿಗಳು ಸತ್ತದ್ದರಿಂದ.

ಮೊದಲನೆಯ ಕೆಲಸ ಹೆಣಗಳದು. ಬಿಸಿಲಿನ ಕಾಲ, ನೆಲವೆಲ್ಲ ಕೆಸರು, ಗುಂಡಿ ತೋಡಿದರೆ ನೀರು. ಸುಮಾರು ಏಳು ನೂರು ಶವಗಳನ್ನು ದೋಣಿಯಲ್ಲಿ ತುಂಬಿ ಕಡಲಿಗೆ ಕೊಂಡೊಯ್ದು ಭಾರ ಕಟ್ಟಿ ಹಾಕಿದರು. ಈ ಕೆಲಸಕ್ಕೆ ಕರಿಯ ಜನರನ್ನು ಬಂದೂಕು ತೋರಿಸಿ ಹಿಡಿದು ತಂದರು. ದುರ್ವಾಸನೆ ತಡೆಯಲೆಂದು ವಿಸ್ಕಿ ಕುಡಿಸಿದರು. ಕಡಲು ಆ ಹೆಣಗಳಲ್ಲಿ ಬಹಳಷ್ಟನ್ನು ಹಿಂದಕ್ಕೆ ತಂದು ದಡಕ್ಕೆ ಹಾಕಿತು. ಆಮೇಲೆ ಸಿಕ್ಕಿದ್ದನ್ನು ಸಿಕ್ಕಿದಲ್ಲೇ ಸುಡುವುದೆಂದು ತೀರ್ಮಾನವಾಯಿತು. ನಮಗೆ ದಹನವೆಂದರೆ ಸಂಸ್ಕಾರ. ಹೂಳುವುದೇ ಸಂಸ್ಕಾರವಾಗಿರುವ ಜನರಿಗೆ, ಹೆಸರು ಹೇಳಿ ಪ್ರಾರ್ಥನೆ ಮಾಡುವವರಿಲ್ಲದೆ, ಒಡೆದ ಮನೆಗಳ ಮರದಲ್ಲೇ ತಮ್ಮವರನ್ನು ಸುಡಬೇಕಾಗಿ ಬಂದದ್ದು ಎಂಥ ಗಾಯವೆಂದು ನಾವು ಸ್ವಲ್ಪ ನಿಂತು ಯೋಚಿಸಬೇಕು. ಆ ಬೆಂಕಿಗಳು ವಾರಗಟ್ಟಲೆ ಆರಲಿಲ್ಲ.

ಅನಾಥಾಲಯದ ಪ್ರಸಂಗವನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಕಡಲಂಚಿನಲ್ಲಿದ್ದ ಸೇಂಟ್ ಮೇರೀಸ್ ಅನಾಥಾಲಯದಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳು, ಹತ್ತು ಮಂದಿ ಕ್ರೈಸ್ತ ಸನ್ಯಾಸಿನಿಯರು. ಬಟ್ಟೆ ಒಣಹಾಕುವ ಹಗ್ಗದಿಂದ ಮಕ್ಕಳನ್ನು ತಮ್ಮ ನಡುವಿಗೆ ಕಟ್ಟಿಕೊಂಡಿದ್ದರು ಆ ತಾಯಂದಿರು. ಬದುಕಿದವರು ಮೂವರು ಹುಡುಗರು. ಶವಗಳು ಸಿಕ್ಕಾಗಲೂ ಹಗ್ಗ ಬಿಚ್ಚಿರಲಿಲ್ಲ.

ಪರಿಹಾರ ಹೊರಗಿನಿಂದ ಬಂತು. ಸೈನ್ಯದ ಡೇರೆಗಳು ಕಡಲತೀರದಲ್ಲಿ ಬಿಳಿಯ ಊರಿನಂತೆ ಎದ್ದವು. ರೆಡ್ ಕ್ರಾಸ್ ಸಂಸ್ಥೆಯ ಕ್ಲಾರಾ ಬಾರ್ಟನ್ ತಮ್ಮ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಬಂದರು. ಅವರ ಕಡೆಯ ದೊಡ್ಡ ಕೆಲಸ ಇದೇ. ಆಚೆ ದಡದ ರೈತರ ಹೊಲಗಳೂ ಉಪ್ಪುನೀರಿಗೆ ಸಿಕ್ಕಿದ್ದವು. ಅವರಿಗೆ ಅವರು ಹಂಚಿಸಿದ್ದು ಲಕ್ಷಗಟ್ಟಲೆ ಸ್ಟ್ರಾಬೆರಿ ಸಸಿಗಳನ್ನು. ಅನ್ನವನ್ನಲ್ಲದೆ ಮುಂದಿನ ಬೆಳೆಯನ್ನೂ ಕೊಡಬೇಕೆಂದು ಆ ಮುದುಕಿಗೆ ಹೊಳೆದದ್ದು ನನಗೆ ಬಹಳ ಹಿಡಿಸಿತು.

ಆದರೆ ಡೇರೆಯೂ ಸಸಿಯೂ ಊರು ಇರಬೇಕೋ ಬೇಡವೋ ಎಂಬ ಪ್ರಶ್ನೆಗೆ ಉತ್ತರವಲ್ಲ. ಊರು ಬಿಟ್ಟು ಹೋದವರು ಸಾವಿರಾರು ಮಂದಿ. ಇದ್ದವರ ಕಣ್ಣ ಮುಂದೆ ಇಂಡಿಯಾನೋಲಾ ಇತ್ತು. ದಿವಾಳಿಯ ಅಂಚಿನಲ್ಲಿದ್ದ ಹಳೆಯ ನಗರಸಭೆಯನ್ನು ತೆಗೆದುಹಾಕಿ, 1901ರಲ್ಲಿ ಐವರು ಕಮಿಷನರುಗಳ ಆಡಳಿತವನ್ನು ತಂದರು. ಒಬ್ಬೊಬ್ಬರಿಗೆ ಒಂದೊಂದು ಖಾತೆ. ಈ ಪದ್ಧತಿ ಅಮೆರಿಕದ ನೂರಾರು ಊರುಗಳಿಗೆ ಮಾದರಿಯಾಯಿತೆಂದು ಹೊಗಳುತ್ತಾರೆ. ಹೊಗಳುವವರು ಇನ್ನೊಂದನ್ನು ಮರೆಯುತ್ತಾರೆ: ವಾರ್ಡುವಾರು ಚುನಾವಣೆ ಹೋದದ್ದರಿಂದ ಕರಿಯರು ತಮ್ಮವನೊಬ್ಬನನ್ನು ಗೆಲ್ಲಿಸಿಕೊಳ್ಳುವ ದಾರಿ ಮುಚ್ಚಿತು. ಹೆಣ ಹೊರಲು ಬೇಕಾದವರು ಊರು ಕಟ್ಟುವ ಸಭೆಗೆ ಬೇಡವಾದರು.

ಗೋಡೆಯ ವಿಷಯ ಹೇಳಲು ಮೂವರು ಎಂಜಿನಿಯರುಗಳನ್ನು ಕರೆಸಿದರು. ಅವರಲ್ಲಿ ಒಬ್ಬರು ನಿವೃತ್ತ ಸೇನಾಧಿಕಾರಿ ಹೆನ್ರಿ ಮಾರ್ಟಿನ್ ರಾಬರ್ಟ್. ನಮ್ಮ ಸಂಘಗಳ ಮಹಾಸಭೆಯಲ್ಲಿ ಸೂಚಕರು, ಅನುಮೋದಕರು, ತಿದ್ದುಪಡಿ, ‘ಪಾಯಿಂಟ್ ಆಫ್ ಆರ್ಡರ್’ ಎಂದು ಎದ್ದು ನಿಲ್ಲುವ ಸದಸ್ಯರಿಗೆ ಈ ಹೆಸರು ತಿಳಿದಿರಬೇಕು. ಸಭಾ ನಡಾವಳಿಯ ಪ್ರಸಿದ್ಧ ನಿಯಮಾವಳಿಯನ್ನು 1876ರಲ್ಲಿ ಬರೆದ ರಾಬರ್ಟ್ ಇವರೇ. ಮೂವರೂ 1902ರ ಜನವರಿಯಲ್ಲಿ ವರದಿ ಕೊಟ್ಟರು. ಹದಿನೇಳು ಅಡಿ ಎತ್ತರ, ಬುಡದಲ್ಲಿ ಹದಿನಾರು ಅಡಿ ದಪ್ಪ, ಅಲೆ ಬಡಿದರೆ ಮೇಲಕ್ಕೆ ತಿರುಗಿ ಹಿಂದಕ್ಕೆ ಬೀಳುವಂತೆ ಮುಂಭಾಗ ಒಳಕ್ಕೆ ಬಾಗಿದ ಕಾಂಕ್ರೀಟ್ ಗೋಡೆ. ಇದಕ್ಕಾಗಿ ಜಿಲ್ಲೆಯ ಆಡಳಿತ ಹದಿನೈದು ಲಕ್ಷ ಡಾಲರುಗಳ ಸಾಲಪತ್ರಗಳನ್ನು ಹೊರಡಿಸಿತು. ಮನೆಮಠ ಕಳೆದುಕೊಂಡ ಊರಿನ ಜನರೇ ಮುಂದೆ ಬಂದು ಅವನ್ನು ಕೊಂಡರು. 1904ರ ಜುಲೈ ಹೊತ್ತಿಗೆ ಮೂರು ಮೈಲಿಗೂ ಮಿಕ್ಕಿದ ಗೋಡೆ ನಿಂತಿತು.

ವರದಿಯಲ್ಲಿ ಇನ್ನೊಂದು ಸಲಹೆಯಿತ್ತು. ಗೋಡೆಯೊಂದೇ ಸಾಲದು, ಅದರ ಹಿಂದಿನ ನೆಲವೂ ಏರಬೇಕು, ಗೋಡೆಯ ಬಳಿ ಗೋಡೆಯಷ್ಟೇ ಎತ್ತರವಾಗಿ, ಹಿನ್ನೀರಿನ ಕಡೆಗೆ ಇಳಿಜಾರಾಗಿ. ಖಾಲಿ ಜಾಗವನ್ನು ತುಂಬುವುದು ಸುಲಭ. ಇಲ್ಲಿ ತುಂಬಬೇಕಾದ್ದು ಜನ ಅಡಿಗೆ ಮಾಡಿಕೊಂಡು, ಮಕ್ಕಳನ್ನು ಶಾಲೆಗೆ ಕಳಿಸಿಕೊಂಡು ಇರುವ ಊರನ್ನು!

ಮಾಡಿದ ರೀತಿ ಹೀಗೆ. ಊರಿನ ನಡುವೆ ಎರಡೂವರೆ ಮೈಲಿ ಉದ್ದದ, ಇನ್ನೂರು ಅಡಿ ಅಗಲದ ಕಾಲುವೆ ತೋಡಿದರು. ಆ ದಾರಿಯಲ್ಲಿದ್ದ ಮನೆಗಳನ್ನು ಬೇರೆಡೆಗೆ ಸರಿಸಿ ಇಟ್ಟರು. ಹೂಳೆತ್ತುವ ಹಡಗುಗಳು ಬಂದರಿನ ಬಾಯಿಂದ ಮರಳನ್ನು ಹೀರಿ ತುಂಬಿಕೊಂಡು ಆ ಕಾಲುವೆಯಲ್ಲಿ ಮನೆಗಳ ನಡುವೆಯೇ ಬಂದು, ನೀರು ಬೆರೆಸಿದ ಮರಳನ್ನು ಕೊಳವೆಗಳಲ್ಲಿ ಹರಿಯಬಿಡುತ್ತಿದ್ದವು. ಒಂದೊಂದು ಸಲಕ್ಕೆ ಕಾಲು ಮೈಲಿ ಚೌಕದಷ್ಟು ಜಾಗಕ್ಕೆ ಒಡ್ಡು ಕಟ್ಟಿ ತುಂಬುವುದು. ನೀರು ಇಳಿದು ಹೋಗಿ ಮರಳು ನಿಲ್ಲುವುದು. ಅದಕ್ಕೆ ಮೊದಲು ಆ ಚೌಕದ ಮನೆಗಳನ್ನೆಲ್ಲ ತಿರುಪು ಜಾಕಿಗಳ ಮೇಲೆ ಎತ್ತಿ ನಿಲ್ಲಿಸಬೇಕು. ಕೂಲಿಯವರು ಸಾಲಾಗಿ ನಿಂತು ಸನ್ನೆ ಕೊಟ್ಟಾಗಲೆಲ್ಲ ಎಲ್ಲರೂ ಒಟ್ಟಿಗೆ ಒಂದಿಷ್ಟು ತಿರುಗಿಸುವುದು. ಮನೆ ಕೂದಲೆಳೆಯಷ್ಟು ಏರುತ್ತಿತ್ತು. ಮೂರು ಸಾವಿರ ಟನ್ ತೂಕದ ಸೇಂಟ್ ಪ್ಯಾಟ್ರಿಕ್ಸ್ ಚರ್ಚನ್ನು ಏಳು ನೂರು ಜಾಕಿಗಳಿಂದ ಐದು ಅಡಿ ಎತ್ತಿದರು. ಒಳಗೆ ಪೂಜೆ ನಿಲ್ಲಲಿಲ್ಲ. ಒಟ್ಟು ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಹೀಗೆ ಎತ್ತಿದರು. ಜೊತೆಗೆ ನೀರಿನ ಕೊಳವೆ, ಅನಿಲದ ಕೊಳವೆ, ಟ್ರಾಮ್ ಹಳಿ, ಕಡೆಗೆ ಸ್ಮಶಾನ ಕೂಡ.

ಮರಳಿನ ಖರ್ಚು ಸರ್ಕಾರದ್ದು. ಮನೆ ಎತ್ತುವ ಖರ್ಚು ಮನೆಯವನದು! ಕೈಲಾಗದವರು ಕೆಳಅಂತಸ್ತನ್ನು ಮರಳಿಗೆ ಬಿಟ್ಟುಕೊಟ್ಟು ಮೇಲಂತಸ್ತಿನಲ್ಲಿ ಸಂಸಾರ ಹೂಡಿದರು. ವರ್ಷಗಟ್ಟಲೆ ಜನ ಎಂಟು ಹತ್ತು ಅಡಿ ಎತ್ತರದ ಹಲಗೆಯ ಕಾಲುದಾರಿಗಳ ಮೇಲೆ ಓಡಾಡಿದರು. ಕೆಳಗೆ ಕೊಳೆತ ನೀರು, ಅದರ ನಾತ. ಸಂತೆಗೆ ಹೋಗುವವರು, ಬಸುರಿ ಹೆಂಗಸರು, ಮುದುಕರು ಎಲ್ಲರಿಗೂ ಆ ಹಲಗೆಯೇ ಗತಿ. ಚಂಡಮಾರುತದಲ್ಲಿ ಉಳಿದಿದ್ದ ಗಿಡಮರಗಳು ಈ ಮರಳಿನಲ್ಲಿ ಹೂತು ಸತ್ತವು. 1901ರಲ್ಲಿ ಕೂಡಿಕೊಂಡಿದ್ದ ಊರಿನ ಹೆಂಗಸರ ಆರೋಗ್ಯರಕ್ಷಣಾ ಸಂಘ ಹಾಲಿನ ಶುದ್ಧತೆ, ಬೀದಿಯ ಕಸ, ಸಿಕ್ಕಿದಲ್ಲಿ ಹೂತಿದ್ದ ಶವಗಳ ಮರುಸಂಸ್ಕಾರ ಎಲ್ಲಕ್ಕೂ ಕೈಹಾಕಿ, ನೆಲ ಏರಿದ ಮೇಲೆ ಬೀದಿ ಬೀದಿಯಲ್ಲಿ ಓಕ್, ತಾಳೆ, ಕಣಗಿಲೆ ನೆಡಿಸಿತು. ಚರಿತ್ರೆಯ ಪುಸ್ತಕಗಳಲ್ಲಿ ಜನರಲ್ ರಾಬರ್ಟರಿಗೆ ಸಿಕ್ಕಿದಷ್ಟು ಜಾಗ ಈ ಹೆಂಗಸರಿಗೆ ಸಿಕ್ಕಿಲ್ಲ.

ಕೆಲಸ ಮುಗಿದಾಗ 1911. ನಾಲ್ಕು ವರ್ಷಗಳಲ್ಲಿ, 1915ರ ಆಗಸ್ಟ್‌ನಲ್ಲಿ, ಹಿಂದಿನದಕ್ಕೆ ಸರಿಗಟ್ಟುವ ಚಂಡಮಾರುತ ಬಂತು. ಗೋಡೆಯಿಲ್ಲದ ಕಡೆ ಮನೆಗಳು ಕೊಚ್ಚಿಹೋದವು. ಗೋಡೆಯ ಹಿಂದಿನ ನಗರದಲ್ಲಿ ಸತ್ತವರು ಹತ್ತು ಹನ್ನೆರಡು ಮಂದಿ.

ಪ್ರಾಣ ಉಳಿಯಿತು, ವೈಭವ ಉಳಿಯಲಿಲ್ಲ. ಮನೆಗಳು ಜಾಕಿಯ ಮೇಲೆ ನಿಂತಿದ್ದ ಕಾಲದಲ್ಲೇ ಒಳನಾಡಿನ ಹ್ಯೂಸ್ಟನ್ ನಗರ ಕಡಲಿನಿಂದ ತನ್ನವರೆಗೆ ಹಡಗಿನ ಕಾಲುವೆ ತೋಡಿಕೊಳ್ಳುತ್ತಿತ್ತು. 1914ರಲ್ಲಿ ಅದು ತೆರೆಯಿತು. 1901ರ ಜನವರಿಯಲ್ಲಿ ಬೋಮಾಂಟ್ ಬಳಿ ಚಿಮ್ಮಿದ ಎಣ್ಣೆಯ ಲಾಭವೂ ಬಹುಪಾಲು ಅಲ್ಲಿಗೇ ಹೋಯಿತು. ಗೋಡೆಯ ಮುಂದಿನ ಮರಳದಂಡೆಯನ್ನು ಅಲೆಗಳು ತಿಂದುಹಾಕಿದವು. ಇಷ್ಟೆಲ್ಲ ದುಡಿದದ್ದು ಒಂದು ಸಾಧಾರಣ ಊರಿಗಾಗಿಯೇ ಎಂದು ಲೆಕ್ಕ ಹಾಕುವವರು ಕೇಳಬಹುದು. ಮೊಮ್ಮಕ್ಕಳು ಅಜ್ಜನ ಮನೆಯಲ್ಲೇ ಬೆಳೆದರು ಎಂಬುದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೋ ನನಗೆ ತಿಳಿಯದು. ಊರು ಬಿಟ್ಟು ಬಂದ ನಮ್ಮಂಥವರು ಆ ಪ್ರಶ್ನೆಯನ್ನು ಸುಲಭವಾಗಿ ಕೇಳುವ ಹಾಗಿಲ್ಲ.

2008ರ ಸೆಪ್ಟೆಂಬರ್‌ನಲ್ಲಿ ಐಕ್ ಎಂಬ ಚಂಡಮಾರುತ ಬಂದಾಗ ಗೋಡೆ ನಿಂತಿತು; ಆದರೆ ನೀರು ಗೋಡೆಯಿಲ್ಲದ ಹಿನ್ನೀರಿನ ಕಡೆಯಿಂದ ಊರೊಳಗೆ ಬಂತು. ಹೆಂಗಸರ ಸಂಘದ ಕಾಲದಿಂದ ಬೆಳೆದುನಿಂತಿದ್ದ ಓಕ್ ಮರಗಳು ಉಪ್ಪುನೀರು ಕುಡಿದು ಸಾವಿರಗಟ್ಟಲೆ ಒಣಗಿದವು. ಮನೆಯ ಮುಂದಿನ ಬೊಡ್ಡೆಯನ್ನು ಕಿತ್ತೆಸೆಯಲು ಮನಸ್ಸಾಗದ ಕೆಲವರು ಶಿಲ್ಪಿಗಳನ್ನು ಕರೆಸಿ, ನಿಂತಲ್ಲೇ ಅವುಗಳಲ್ಲಿ ಕೊಕ್ಕರೆ, ಡಾಲ್ಫಿನ್, ಸಾಕುನಾಯಿಗಳ ರೂಪಗಳನ್ನು ಕೆತ್ತಿಸಿದರು. ಪಕ್ಕದಲ್ಲಿ ಹೊಸ ಸಸಿಗಳನ್ನೂ ನೆಟ್ಟರು.